ರಕ್ತ ಸಿಗದಿದ್ದರೆ ಕ್ಯಾನ್ಸರ್ ಗೆಡ್ಡೆ ಸಾಯಬೇಕಲ್ಲವೇ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ದೊಡ್ಡಕರುಳಿನ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಕೀಮೋಥೆರಪಿಯ ಜೊತೆಗೆ ಬೆವಸಿಜುಮ್ಯಾಬ್ ಎಂಬ ಔಷಧಿಯನ್ನೂ ಕೊಡುವುದಾಗಿ ವೈದ್ಯರು ಹೇಳಿದ್ದಾರೆ. ಅದು ಗೆಡ್ಡೆಗೆ ರಕ್ತ ಹೋಗದಂತೆ ತಡೆಯುತ್ತದಂತೆ. ರಕ್ತವೇ ಸಿಗದಿದ್ದರೆ ಗೆಡ್ಡೆ ತಾನಾಗಿಯೇ ಸಾಯಬೇಕಲ್ಲವೇ? ರಕ್ತ ಹೋಗದ ಜಾಗಕ್ಕೆ ಕೀಮೋ ಔಷಧಿಯಾದರೂ ತಲುಪುವುದು ಹೇಗೆ?
– ಓದುಗರು, ಹಾಸನ

ಉತ್ತರ: ನೀವು ಕೊನೆಗೆ ಕೇಳಿರುವ ಪ್ರಶ್ನೆ ಈ ಕ್ಷೇತ್ರದ ಸಂಶೋಧಕರನ್ನೂ ಬಹುಕಾಲ ಕಾಡಿದೆ.

ನಮ್ಮ ದೇಹದ ಬಹುತೇಕ ಜೀವಕೋಶಗಳಿಗೆ ಆಮ್ಲಜನಕ ದೊರೆಯಬೇಕಾದರೆ ಅವುಗಳ ಅತಿ ಸಮೀಪದಲ್ಲಿ, ಅಂದರೆ ಸುಮಾರು 0.1ರಿಂದ 0.2 ಮಿಲಿಮೀಟರಿನೊಳಗೆ, ಒಂದು ಸೂಕ್ಷ್ಮ ರಕ್ತನಾಳವಿರಬೇಕು. ಗೆಡ್ಡೆಗೂ ಇದೇ ನಿಯಮ. ಹೊಸ ರಕ್ತನಾಳಗಳನ್ನು ತನ್ನತ್ತ ಸೆಳೆದುಕೊಳ್ಳದಿದ್ದರೆ ಗೆಡ್ಡೆಯು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಿ ಬೆಳೆಯಲಾರದು, ಆದ್ದರಿಂದ ಆ ನಾಳಗಳ ಬೆಳವಣಿಗೆಯನ್ನೇ ತಡೆದು ಕ್ಯಾನ್ಸರ್‌ಗೆ ಚಿಕಿತ್ಸೆ ನೀಡಬಹುದು ಎಂದು ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಜುಡಾ ಫೋಕ್‌ಮನ್ 1971ರಲ್ಲಿ ಬರೆದರು. ಆ ಮಾತನ್ನು ಆಗ ಒಪ್ಪಿದವರು ಕಡಿಮೆ. ಉಸಿರುಕಟ್ಟಿದ ಗೆಡ್ಡೆಯ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ಪಕ್ಕದ ರಕ್ತನಾಳಗಳು ಕವಲೊಡೆಯುವಂತೆ ಮಾಡುತ್ತವೆ. ನೆಪೋಲಿಯೋನ್ ಫೆರಾರಾ ಅವರ ತಂಡ 1989ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿ ಗುರುತಿಸಿತು. ಅದನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯವೇ ನಿಮ್ಮ ತಂದೆಗೆ ಸೂಚಿಸಿರುವ ಬೆವಸಿಜುಮ್ಯಾಬ್.

ಗೆಡ್ಡೆ ಉಪವಾಸ ಬಿದ್ದು ಸಾಯುತ್ತದೆ ಎಂಬುದು ಮೊದಲ ನಿರೀಕ್ಷೆಯಾಗಿತ್ತು. ಅನುಭವ ಬೇರೆಯದನ್ನು ತೋರಿಸಿತು. ಗೆಡ್ಡೆಯೊಳಗಿನ ರಕ್ತನಾಳಗಳು ಅಂಕುಡೊಂಕಾಗಿ, ಸೋರುವಂತಿರುತ್ತವೆ; ಸೋರಿದ ದ್ರವದಿಂದ ಒಳಗಿನ ಒತ್ತಡ ಹೆಚ್ಚಿ, ರಕ್ತದಲ್ಲಿರುವ ಔಷಧಿ ಗೆಡ್ಡೆಯ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ವಿಇಜಿಎಫ್ ಅನ್ನು ಹದವಾಗಿ ತಡೆದರೆ ಈ ನಾಳಗಳು ಕೆಲಕಾಲ ಸರಿಹೋಗಿ, ಕೀಮೋ ಔಷಧಿ ಮೊದಲಿಗಿಂತ ಚೆನ್ನಾಗಿ ಒಳಸೇರಬಹುದು ಎಂದು ರಾಕೇಶ್ ಜೈನ್ 2001ರಲ್ಲಿ ವಾದಿಸಿದರು. ಕಾನ್ಪುರದ ಐಐಟಿಯಲ್ಲಿ ಓದಿ ಬಾಸ್ಟನ್ನಿನಲ್ಲಿ ನೆಲೆಸಿದ ವಿಜ್ಞಾನಿ ಅವರು. ಎಲ್ಲ ಗೆಡ್ಡೆಗಳಲ್ಲೂ ಹೀಗೆಯೇ ಆಗುತ್ತದೆ ಎನ್ನಲಾಗದು, ಆದರೂ ನಿಮ್ಮ ಪ್ರಶ್ನೆಗೆ ಈವರೆಗೆ ಸಿಕ್ಕಿರುವ ಉತ್ತರಗಳಲ್ಲಿ ನನಗೆ ಹೆಚ್ಚು ಸಮಂಜಸವಾಗಿ ತೋರುವುದು ಇದೇ.

ಇನ್ನು, ಗೆಡ್ಡೆ ಏಕೆ ಪೂರ್ತಿ ಸಾಯುವುದಿಲ್ಲ? ಒಂದು ದಾರಿ ಮುಚ್ಚಿದರೆ ಅದು ಬೇರೆ ಪ್ರೋಟೀನುಗಳ ಮೂಲಕ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಲಿವರ್‌ನಂತಹ ರಕ್ತಸಮೃದ್ಧ ಅಂಗದಲ್ಲಿ ಕೆಲವು ಗೆಡ್ಡೆಗಳು ಹೊಸ ನಾಳಗಳಿಗಾಗಿ ಕಾಯದೆ, ಅಲ್ಲಿ ಈಗಾಗಲೇ ಇರುವ ನಾಳಗಳನ್ನು ಅಪ್ಪಿಕೊಂಡೇ ಬೆಳೆಯುತ್ತವೆ. ಅಂಥ ಗೆಡ್ಡೆಗಳ ಮೇಲೆ ಈ ಔಷಧಿಯ ಹಿಡಿತ ಕಡಿಮೆ.

ಆದ್ದರಿಂದ ಇದರ ಲಾಭವನ್ನು ನಿಜವಾದ ಅಳತೆಯಲ್ಲೇ ತಿಳಿದುಕೊಳ್ಳಿ. ನಿಮ್ಮ ತಂದೆಗಿರುವಂತೆ ಹರಡಿದ ಕರುಳಿನ ಕ್ಯಾನ್ಸರಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಅಂದಿನ ಕೀಮೋ ಮಾತ್ರ ಪಡೆದವರ ಮಧ್ಯಸ್ಥ ಬದುಕುಳಿಯುವಿಕೆ 15.6 ತಿಂಗಳಿದ್ದರೆ, ಬೆವಸಿಜುಮ್ಯಾಬ್ ಸೇರಿಸಿದಾಗ ಅದು 20.3 ತಿಂಗಳಾಯಿತು. ಅಂದರೆ ಅರ್ಧದಷ್ಟು ರೋಗಿಗಳು ಅಷ್ಟು ಅವಧಿಗಿಂತ ಹೆಚ್ಚು ಬದುಕಿದರು. ನಂತರದ ಉತ್ತಮ ಕೀಮೋಗಳ ಜೊತೆ ಈ ಹೆಚ್ಚುವರಿ ಲಾಭ ಅಷ್ಟು ದೊಡ್ಡದಾಗಿ ಕಂಡಿಲ್ಲ. ಸ್ತನ ಕ್ಯಾನ್ಸರಿನಲ್ಲಂತೂ ಇದು ಆಯುಸ್ಸನ್ನು ಹೆಚ್ಚಿಸಿದ್ದು ಸಾಬೀತಾಗದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಆ ಬಳಕೆಗೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆಯಿತು. ಇದನ್ನು ಹೇಳುವುದು ನಿಮ್ಮ ಧೈರ್ಯ ಕುಗ್ಗಿಸಲಿಕ್ಕಲ್ಲ. ತಂದೆಯವರ ವಿಷಯದಲ್ಲಿ ಏನನ್ನು ನಿರೀಕ್ಷಿಸಬಹುದು, ಖರ್ಚೆಷ್ಟು ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳುವ ಹಕ್ಕು ನಿಮಗಿದೆ.

ಚಿಕಿತ್ಸೆ ಆರಂಭವಾದ ಮೇಲೆ ಬಿ.ಪಿ.ಯನ್ನೂ ಮೂತ್ರದಲ್ಲಿನ ಪ್ರೋಟೀನನ್ನೂ ಆಗಾಗ ಪರೀಕ್ಷಿಸಬೇಕು. ಗಾಯ ಮಾಯಲು ಕೂಡ ಹೊಸ ರಕ್ತನಾಳಗಳೇ ಬೇಕಾದ್ದರಿಂದ, ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ 28 ದಿನ ಮೊದಲೇ ಈ ಔಷಧಿಯನ್ನು ನಿಲ್ಲಿಸುತ್ತಾರೆ. ಹಲ್ಲು ಕೀಳಿಸುವುದಿದ್ದರೂ ಮೊದಲು ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಅಪರೂಪಕ್ಕೆ ಕರುಳಿನಲ್ಲಿ ರಂಧ್ರವಾಗುವುದುಂಟು. ಹಠಾತ್ತನೆ ತೀವ್ರ ಹೊಟ್ಟೆನೋವು ಬಂದರೆ, ರಕ್ತಸ್ರಾವವಾದರೆ ಅಥವಾ ಎದೆನೋವು ಕಾಣಿಸಿದರೆ ಮರುದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.