ಚೆಂಡನ್ನು ಪಕ್ಕಕ್ಕಿಡಿ

ಈ ಸಲ ಬಂದ ಪತ್ರಗಳಲ್ಲಿ ಪಾರ್ಶ್ವವಾಯುವಿನವೇ ಹೆಚ್ಚು. ಅವುಗಳಲ್ಲಿ ಒಂದಕ್ಕೆ ಸಾವಕಾಶವಾಗಿ ಉತ್ತರಿಸಿದ್ದೇನೆ. ಉಳಿದವರು ಅದನ್ನೇ ತಮಗೆ ಬರೆದದ್ದೆಂದು ಓದಿಕೊಳ್ಳಬಹುದು. ಇನ್ನು ಬಿಪಿ ಮಾತ್ರೆ ನಿಲ್ಲಿಸಬಹುದೇ, ರಕ್ತ ತೆಳುವಾಗಿಸುವ ಮಾತ್ರೆ ಬದಲಿಸಬಹುದೇ ಎಂದು ಕೇಳಿದವರಿಗೆ ಒಂದು ಮಾತು: ನಾನು 26 ವರ್ಷಗಳಿಂದ ಫಿಸಿಯೋಥೆರಪಿಸ್ಟ್. ಕೈಕಾಲು ಆಡುವಂತೆ ಮಾಡುವುದು ನನ್ನ ಕಸುಬು, ಮಾತ್ರೆ ನಿಮ್ಮ ವೈದ್ಯರದು.

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು. ಈಗ ಊರುಗೋಲು ಹಿಡಿದು ನಡೆಯುತ್ತಾರೆ. ಕೈ ಮಾತ್ರ ಸುಧಾರಿಸಿಲ್ಲ. ದಿನಕ್ಕೆ 500 ಸಲ ರಬ್ಬರ್ ಚೆಂಡು ಹಿಸುಕಿಸುತ್ತಿದ್ದೇನೆ. ಆದರೂ ಬೆರಳುಗಳು ಮುಷ್ಟಿ ಕಟ್ಟಿಕೊಂಡೇ ಇರುತ್ತವೆ. ಮಣಿಕಟ್ಟು ಸ್ವಲ್ಪ ಏಳುತ್ತದೆ, ಬೆರಳುಗಳು ಅಷ್ಟಿಷ್ಟು ಬಿಚ್ಚುತ್ತವೆ. ಆರು ತಿಂಗಳು ದಾಟಿದರೆ ಇನ್ನು ಬರುವುದಿಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಮೊದಲು ಆ ಚೆಂಡನ್ನು ಪಕ್ಕಕ್ಕಿಡಿ. ದಿನಕ್ಕೆ 500 ಸಲ ಎಣಿಸಿ ಮಾಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅಂಥ ತಾಳ್ಮೆಯನ್ನು ಚೆಂಡಿನ ಮೇಲೆ ಸುರಿಯುತ್ತಿದ್ದೀರಲ್ಲ ಎಂಬುದೇ ನನ್ನ ಸಂಕಟ.

ಕೈ ಮುಚ್ಚುವುದು ಅವರಿಗೆ ಬರುತ್ತಿದೆ, ಬೇಡವಾದಾಗಲೂ ಬರುತ್ತಿದೆ. ಬಾರದಿರುವುದು ಬಿಚ್ಚುವುದು. ಮೆದುಳಿನಿಂದ ಇಳಿದು ಬರುವ ನರಮಾರ್ಗಕ್ಕೆ ಪೆಟ್ಟು ಬಿದ್ದಾಗ ಬೆನ್ನುಹುರಿಯ ಮಟ್ಟದ ಪ್ರತಿವರ್ತನೆಗಳ ಮೇಲಿನ ಹಿಡಿತ ತಪ್ಪುತ್ತದೆ. ಕೈಯಲ್ಲಿ ಮಡಚುವ ಸ್ನಾಯುಗಳು ಬಿಗಿಯುತ್ತವೆ, ಬಿಡಿಸುವ ಸ್ನಾಯುಗಳು ಸೋತು ಕೂರುತ್ತವೆ. ನಾವು ಇದನ್ನು ಸ್ಪಾಸ್ಟಿಸಿಟಿ ಎನ್ನುತ್ತೇವೆ. ಇಂಥ ಕೈಗೆ ಚೆಂಡು ಕೊಡುವುದೆಂದರೆ ಗೆದ್ದ ಪೈಲ್ವಾನನಿಗೇ ಮತ್ತೆ ತಾಲೀಮು ಕೊಟ್ಟ ಹಾಗೆ. ಸೋತವನು ಮೂಲೆಯಲ್ಲಿಯೇ ಉಳಿಯುತ್ತಾನೆ.

ಅವರನ್ನು ಮೇಜಿನ ಮುಂದೆ ಕೂರಿಸಿ. ಮುಂಗೈ ಪೂರ್ತಿ ಮೇಜಿನ ಮೇಲಿರಲಿ, ಹಸ್ತ ಮಾತ್ರ ಅಂಚಿನಿಂದಾಚೆ ಜೋತುಬೀಳಲಿ, ಅಂಗೈ ನೆಲ ನೋಡುತ್ತಿರಲಿ. ಈಗ ಹಸ್ತವನ್ನು ಮೇಲಕ್ಕೆತ್ತಲು ಹೇಳಿ. ಒಂದು ಬೆರಳಿನಗಲ ಎದ್ದರೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆಮೇಲೆ ಒಂದು ಕರವಸ್ತ್ರವನ್ನು ಕೈಗೆ ಕೊಟ್ಟು ಅದನ್ನು ಬಿಡಲು ಹೇಳಿ. ಹಿಡಿಯುವುದು ಅಭ್ಯಾಸವಲ್ಲ, ಬಿಡುವುದೇ ಅಭ್ಯಾಸ. ಅವರು ಹಲ್ಲು ಕಚ್ಚತೊಡಗಿದರೆ ನಿಲ್ಲಿಸಿ. ಇಡೀ ಮೈ ಬಿಗಿ ಹಿಡಿದಷ್ಟೂ ಮುಷ್ಟಿಯೂ ಬಿಗಿಯುತ್ತದೆ. ಅಂಗೈ ತೊಳೆಯಲು, ಉಗುರು ಕತ್ತರಿಸಲು ನೀವೇ ಕೈ ಬಿಡಿಸಬೇಕಾದಾಗ ಬೆರಳಿನ ತುದಿಗಳನ್ನು ಹಿಡಿದು ಮೀಟಬೇಡಿ. ಮೊದಲು ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿ. ಬೆರಳು ಮಡಚುವ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾಯ್ದೇ ಹೋಗುವುದರಿಂದ ಆಗ ಅವು ಸಡಿಲಗೊಂಡು ಬೆರಳುಗಳು ಅರ್ಧ ತಾವಾಗಿಯೇ ಬಿಚ್ಚುತ್ತವೆ. ಎಷ್ಟೋ ಮನೆಗಳಲ್ಲಿ ಇದೊಂದನ್ನು ತೋರಿಸಿಕೊಟ್ಟಾಗ ಕಂಡ ಸಮಾಧಾನ ನನ್ನ ಯಾವ ಯಂತ್ರದಿಂದಲೂ ಕಂಡಿದ್ದಿಲ್ಲ.

ಎಷ್ಟು ಸಲ ಮಾಡಬೇಕು? ಇಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. 2009ರಲ್ಲಿ ಅಮೆರಿಕ ಮತ್ತು ಕೆನಡಾದ ಸಂಶೋಧಕರು ಪಾರ್ಶ್ವವಾಯು ಚಿಕಿತ್ಸೆಯ ಕೋಣೆಗಳಲ್ಲಿ ಕುಳಿತು, ರೋಗಿಯ ಕೈ ನಿಜವಾಗಿ ಎಷ್ಟು ಸಲ ಕೆಲಸ ಮಾಡುತ್ತದೆ ಎಂದು ಎಣಿಸಿದ್ದನ್ನು ಪ್ರಕಟಿಸಿದರು. ಒಂದು ಅವಧಿಗೆ ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಹೊಸ ಜೋಡಣೆ ಮಾಡಿಕೊಂಡದ್ದು ದಿನಕ್ಕೆ ನೂರಾರು ಸಲದ ಅಭ್ಯಾಸದಿಂದ. ಅದನ್ನು ಓದಿ ನಕ್ಕಿದ್ದೆ, ನಮ್ಮಲ್ಲಿ ಹಾಗಿರಲಾರದು ಎಂದು. ಮರುದಿನ ಹಾಳೆಯೊಂದರಲ್ಲಿ ಗೀಟು ಹಾಕುತ್ತಾ ನನ್ನದೇ ಕೆಲಸವನ್ನು ಎಣಿಸಿದೆ. ನಲವತ್ತು ನಿಮಿಷದಲ್ಲಿ ಮೂವತ್ತೂ ಮುಟ್ಟಲಿಲ್ಲ. ಉಳಿದ ಹೊತ್ತು ವೈರು ಜೋಡಿಸುವುದರಲ್ಲಿ, ಕುರ್ಚಿ ಸರಿಸುವುದರಲ್ಲಿ, ಮಾತಿನಲ್ಲಿ (ಮಾತು ನನ್ನ ದೌರ್ಬಲ್ಯ) ಕಳೆದುಹೋಗಿತ್ತು. ಆದ್ದರಿಂದ ನಿಮ್ಮ 500ರ ಲೆಕ್ಕವನ್ನು ಬಿಡಬೇಡಿ, ಚೆಂಡನ್ನಷ್ಟೇ ಬಿಡಿ. ದಿನದುದ್ದಕ್ಕೂ ಹತ್ತು ಹದಿನೈದು ನಿಮಿಷಗಳ ತುಂಡುಗಳಾಗಿ ಹಂಚಿ, ದಣಿದಾಗ ಬಿಡುವು ಕೊಡಿ.

ಆರು ತಿಂಗಳ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಓಡುತ್ತದೆ, ಆಮೇಲೆ ನಡೆಯುತ್ತದೆ, ಕೆಲವರಲ್ಲಿ ತೆವಳುತ್ತದೆ. ಆರನೆಯ ತಿಂಗಳ ಕೊನೆಯ ದಿನ ಬಾಗಿಲು ಹಾಕಿಕೊಳ್ಳುವುದಿಲ್ಲ. 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಅಧ್ಯಯನದಲ್ಲಿ ಪಾರ್ಶ್ವವಾಯು ಬಡಿದು ಮೂರರಿಂದ ಒಂಬತ್ತು ತಿಂಗಳಾಗಿದ್ದವರ ಒಳ್ಳೆಯ ಕೈಗೆ ಚೀಲದಂಥ ಗವಸು ತೊಡಿಸಿ, ಎಚ್ಚರವಿರುವ ಹೊತ್ತಿನ ಬಹುಪಾಲು ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಎರಡೇ ವಾರ. ಅದರಿಂದ ಆದ ಸುಧಾರಣೆ ವರ್ಷ ಕಳೆದರೂ ಉಳಿದಿತ್ತು. ನಿಮ್ಮವರಿಗೆ ಈಗ ಏಳನೆಯ ತಿಂಗಳು. ಮಣಿಕಟ್ಟು ಮತ್ತು ಬೆರಳುಗಳು ಸ್ವಲ್ಪವಾದರೂ ಏಳುತ್ತವೆ ಎಂದಿದ್ದೀರಿ. ಈ ವಿಧಾನಕ್ಕೆ ಆ 'ಸ್ವಲ್ಪ' ಇರಲೇಬೇಕು. ಬೆರಳು ಒಂದಿಷ್ಟೂ ಅಲುಗದವರಿಗೆ ಇದು ಹಿಂಸೆಯಷ್ಟೇ. ಹತ್ತಿರದ ಫಿಸಿಯೋಥೆರಪಿಸ್ಟರನ್ನು ಕಂಡು ಅವರ ಕಣ್ಣೆದುರಿಗೇ ಆರಂಭಿಸಿ. ಮುಖ್ಯವಾಗಿ, ನಿಮ್ಮವರ ಊರುಗೋಲು ಇರುವುದು ಅದೇ ಒಳ್ಳೆಯ ಕೈಯಲ್ಲಿ. ಆದ್ದರಿಂದ ನಡೆಯುವಾಗ ಗವಸು ಕಳಚಲೇಬೇಕು. ಬಿದ್ದು ಸೊಂಟ ಮುರಿದುಕೊಂಡರೆ ಕೈಯ ಕಥೆ ಯಾರಿಗೂ ಬೇಡವಾಗುತ್ತದೆ.

ಈ ವಿಧಾನದ ಹಿಂದಿರುವವರು ಎಡ್ವರ್ಡ್ ಟಾಬ್ ಎಂಬ ಅಮೆರಿಕದ ವಿಜ್ಞಾನಿ. ಸ್ಪರ್ಶದ ನರ ಕತ್ತರಿಸಿದ ತೋಳನ್ನು ಕೋತಿಗಳು ಆಡಿಸಬಲ್ಲವಾದರೂ ಆಡಿಸದೆ ಬಿಟ್ಟುಬಿಡುತ್ತವೆ, ಒಳ್ಳೆಯ ತೋಳನ್ನು ಕಟ್ಟಿಹಾಕಿದರೆ ಮತ್ತೆ ಬಳಸತೊಡಗುತ್ತವೆ ಎಂದು ಅವರು ಕಂಡುಕೊಂಡರು. ಮೊದಮೊದಲು ಪ್ರಯತ್ನಿಸಿ ಸೋತದ್ದರಿಂದ 'ಬಳಸದಿರುವುದನ್ನು' ಪ್ರಾಣಿ ಕಲಿತುಬಿಟ್ಟಿರುತ್ತದೆ. ಮನುಷ್ಯರಲ್ಲಿ ಈ ಪಾಠ ಕಲಿಸಲು ಮನೆಯವರೂ ಕೈಜೋಡಿಸುತ್ತಾರೆ. ನಿಮ್ಮ ಯಜಮಾನರ ಅಂಗಿಯ ಗುಂಡಿ ಹಾಕುವವರು ನೀವೇ ಅಲ್ಲವೇ? ಪತ್ರದಲ್ಲಿ ಬರೆದಿಲ್ಲ, ಆದರೆ 500 ಎಣಿಸುವವರು ಗುಂಡಿ ಹಾಕದೆ ಬಿಡುವುದಿಲ್ಲ. ನಾಳೆಯಿಂದ ಕೊನೆಯ ಒಂದು ಗುಂಡಿಯನ್ನು ಅವರಿಗೇ ಬಿಡಿ. ಹನ್ನೊಂದು ನಿಮಿಷ ಹಿಡಿಯಬಹುದು. ನೋಡಲಾಗದಿದ್ದರೆ ಪಕ್ಕದ ಕೋಣೆಗೆ ಹೋಗಿ ಕುಳಿತುಕೊಳ್ಳಿ.

ಎರಡು ಸಣ್ಣ ಮಾತು. ಎಬ್ಬಿಸುವಾಗ ಬಲಗೈ ಹಿಡಿದಾಗಲಿ, ಕಂಕುಳಿಗೆ ಕೈ ಹಾಕಿಯಾಗಲಿ ಎಳೆಯಬೇಡಿ. ಸೋತ ಸ್ನಾಯುಗಳ ನಡುವೆ ಭುಜದ ಕೀಲು ಜಾರಿ ನೋವು ನೆಲೆಯೂರುತ್ತದೆ. ಇನ್ನು ಬಿಗಿತ ಅಂಗೈಗೆ ಉಗುರು ನಾಟುವಷ್ಟಾದರೆ ಬೊಟುಲಿನಂ ಚುಚ್ಚುಮದ್ದಿನ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಅದು ಕೆಲವು ತಿಂಗಳ ಮಟ್ಟಿಗೆ ಸ್ನಾಯುವನ್ನು ಸಡಿಲಿಸುತ್ತದೆ. ಆ ತಿಂಗಳುಗಳಲ್ಲಿ ವ್ಯಾಯಾಮ ನಡೆಯದಿದ್ದರೆ ಚುಚ್ಚಿಸಿಕೊಂಡ ಲಾಭ ಬಹುಪಾಲು ಕೈತಪ್ಪುತ್ತದೆ.

ಪ್ರಶ್ನೆ: ಬಲ ಮಂಡಿ ಸವೆದಿದೆ. ಕೋಲನ್ನು ಬಲಗೈಯಲ್ಲೇ ಹಿಡಿಯುತ್ತೇನೆ. ಎಡಗೈಯಲ್ಲಿ ಹಿಡಿಯಬೇಕೆಂದು ಪಕ್ಕದ ಮನೆಯವರು ವಾದಿಸುತ್ತಾರೆ.

ಉತ್ತರ: ಪಕ್ಕದ ಮನೆಯವರು ಗೆದ್ದರು. ಕೋಲು ಎಡಗೈಯಲ್ಲಿ; ಬಲಗಾಲು ಮುಂದಿಡುವಾಗ ಅದರ ಜೊತೆಗೇ ಕೋಲೂ ಮುಂದೆ ಹೋಗಬೇಕು. ನೇರವಾಗಿ ನಿಂತು ತೋಳು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲಿನ ತುದಿಯ ರಬ್ಬರು ಸವೆದಿದೆಯೇ ಎಂದು ಇವತ್ತೇ ತಿರುಗಿಸಿ ನೋಡಿ.

ಪ್ರಶ್ನೆ: ನನಗೆ 34. ಸೊಂಟ ನೋವು ಎಂದು ಎಂಆರ್‌ಐ ಮಾಡಿಸಿದೆ. 'ಡಿಸ್ಕ್ ಬಲ್ಜ್' (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಬಂದಿದೆ. ಅಂದಿನಿಂದ ಬಗ್ಗಲು ಭಯ, ಹೆಚ್ಚಾಗಿ ಮಲಗಿಯೇ ಇದ್ದೇನೆ. ಕರೆಂಟ್ ಕೊಡಿಸಿದರೆ ಡಿಸ್ಕ್ ಒಳಗೆ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಕರೆಂಟ್ ಕೆಲವರಿಗೆ ಸ್ವಲ್ಪ ಹೊತ್ತು ನೋವು ಮರೆಸುತ್ತದೆ, ಅದರಾಚೆಗೆ ಆ ಪೆಟ್ಟಿಗೆಯಿಂದ ಏನನ್ನೂ ನಿರೀಕ್ಷಿಸಬೇಡಿ.

ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯೊಂದಿದೆ. ಇಪ್ಪತ್ತರ ಹರೆಯದಲ್ಲಿ ಶೇ 30, ಎಂಬತ್ತರಲ್ಲಿ ಶೇ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಅವರಾರಿಗೂ ನೋವಿರಲಿಲ್ಲ. ನಿಮ್ಮ ಉಬ್ಬಿಗೂ ನೋವಿಗೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು. ಹಾಸಿಗೆ ಮಾತ್ರ ಖಂಡಿತ ಔಷಧಿಯಲ್ಲ. ಇವತ್ತು ಹತ್ತು ನಿಮಿಷ ನಡೆಯಿರಿ, ನಾಳೆಯೂ ನಡೆಯಿರಿ. ಬಗ್ಗುವುದನ್ನು ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಮಂಡಿಯಿಂದ ಪಾದದತ್ತ ಜಾರಿಸುತ್ತಾ ಆರಂಭಿಸಿ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವಿನ ಭಾಗ ಮರಗಟ್ಟಿದರೆ, ಕಾಲಿನ ಶಕ್ತಿ ಕುಗ್ಗುತ್ತಾ ಹೋದರೆ ನನ್ನ ಉತ್ತರಕ್ಕೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: 52 ವರ್ಷ, ಮಧುಮೇಹವಿದೆ. ಮೂರು ತಿಂಗಳಿಂದ ಎಡ ಭುಜ ಹಿಡಿದುಕೊಂಡಿದೆ, ಫ್ರೋಜನ್ ಶೋಲ್ಡರ್ ಎಂದಿದ್ದಾರೆ. ರಾತ್ರಿ ನೋವು ಜಾಸ್ತಿ. ಕಣ್ಣಲ್ಲಿ ನೀರು ಬರುವಂತೆ ಎಳೆಸಿಕೊಂಡರೆ ಮಾತ್ರ ಬಿಡುತ್ತದೆ ಎನ್ನುತ್ತಾರೆ. ಎಳೆಸಿಕೊಳ್ಳಲೇ?

ಉತ್ತರ: ಬೇಡ. ಈ ಉತ್ತರವನ್ನು ಪುಸ್ತಕದಿಂದಲ್ಲ, ಭುಜದಿಂದ ಬರೆಯುತ್ತಿದ್ದೇನೆ.

ನನಗೆ 49 ಆಗಿದ್ದಾಗ ನನ್ನ ಎಡ ಭುಜವೇ ಹಿಡಿದುಕೊಂಡಿತು. ಮೊದಲು ಜಡೆ ಹೆಣೆಯುವುದು ಕಷ್ಟವಾಯಿತು, ಆಮೇಲೆ ಬೆನ್ನ ಹಿಂದೆ ಕೈ ಹೋಗಲಿಲ್ಲ. ಊರಿಗೆಲ್ಲ 'ಅವಸರ ಬೇಡ' ಎನ್ನುವ ನಾನು, ಎರಡನೆಯ ತಿಂಗಳಲ್ಲೇ ರಾಟೆಯ ಹಗ್ಗಕ್ಕೆ ಜೋತುಬಿದ್ದೆ. ಸಾಲದೆಂದು ಕಿರಿಯ ಸಹೋದ್ಯೋಗಿಯನ್ನು ಕರೆದು 'ಒತ್ತು, ನಾನು ಕೂಗಿದರೂ ಬಿಡಬೇಡ' ಎಂದೆ. ಆಕೆ ವಿಧೇಯಳು, ಬಿಡಲಿಲ್ಲ. ಮೂರು ರಾತ್ರಿ ಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡಿದೆ, ಭುಜ ಮೊದಲಿಗಿಂತ ಬಿಗಿಯಾಯಿತು. ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು 2004ರಲ್ಲೇ ಇದನ್ನು ಬರೆದಿದ್ದರು: ನೋವಿನ ಮಿತಿಯೊಳಗೆ ಮೆಲ್ಲಗೆ ಆಡಿಸಿಕೊಂಡವರು, ನೋವು ಮೀರಿ ಎಳೆಸಿಕೊಂಡವರಿಗಿಂತ ಎರಡು ವರ್ಷದ ಕೊನೆಯಲ್ಲಿ ಮುಂದಿದ್ದರು. ನಾನು ಅದನ್ನು ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದೆ!

ಭುಜದ ಕೀಲಿನ ಸುತ್ತಲಿನ ಚೀಲ ಊತಗೊಂಡು, ಆಮೇಲೆ ದಪ್ಪಗಾಗಿ ಕುಗ್ಗುವುದೇ ಈ ಕಾಯಿಲೆ. ಮಧುಮೇಹಿಗಳಲ್ಲಿ ಹೆಚ್ಚು. ಈಗ ನೀವಿರುವುದು ಊತದ ಹಂತದಲ್ಲಿ. ರಾತ್ರಿ ನೋವೇ ಅದರ ಸಾಕ್ಷಿ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಎಡತೋಳನ್ನು ಗಡಿಯಾರದ ಲೋಲಕದಂತೆ ತೂಗಬಿಡಿ. ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಎರಡೂ ಕೈಗಳಲ್ಲಿ ಕೋಲು ಹಿಡಿದು, ಬಲಗೈಯಿಂದ ಎಡಗೈಯನ್ನು ಹೊರಕ್ಕೆ ತಳ್ಳಿ. ಈ ಹೊರತಿರುವೇ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗಿರುತ್ತದೆ. ಎಷ್ಟು ತಳ್ಳಬೇಕೆಂಬುದಕ್ಕೆ ನಾನು ಬಳಸುವ ಅಳತೆ: ವ್ಯಾಯಾಮದ ನೋವು ಅರ್ಧ ಗಂಟೆಯೊಳಗೆ ಇಳಿಯಬೇಕು, ಆ ರಾತ್ರಿಯ ನಿದ್ದೆ ಕೆಡಿಸಿದರೆ ಹೆಚ್ಚಾಯಿತೆಂದೇ ಅರ್ಥ. ಕೀಲಿನೊಳಗಿನ ಸ್ಟೀರಾಯ್ಡ್ ಚುಚ್ಚುಮದ್ದು ಈ ಹಂತದಲ್ಲಿ ನೋವನ್ನು ಚೆನ್ನಾಗಿ ಇಳಿಸುತ್ತದೆ. ಆದರೆ ಕೆಲವು ದಿನ ಸಕ್ಕರೆ ಅಂಶ ಏರುತ್ತದೆ, ಆದ್ದರಿಂದ ವೈದ್ಯರೊಂದಿಗೆ ಮಾತನಾಡಿಯೇ ನಿರ್ಧರಿಸಿ. ಒಂದರಿಂದ ಮೂರು ವರ್ಷ ಹಿಡಿಯಬಹುದು ಎಂದರೆ ಬೈದುಕೊಳ್ಳುತ್ತೀರಿ. ನಾನೂ ಬೈದುಕೊಂಡಿದ್ದೆ. ಹದಿನೆಂಟನೆಯ ತಿಂಗಳಲ್ಲಿ ಜಡೆ ಹೆಣೆದುಕೊಂಡೆ.

ಪ್ರಶ್ನೆ: ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಕೈ ಹಿಡಿದು ಎಳೆದರೆ ಮುಗ್ಗರಿಸುತ್ತಾರೆ. ಮೆಟ್ಟಿಲನ್ನು ಮಾತ್ರ ಸಲೀಸಾಗಿ ಹತ್ತುತ್ತಾರೆ! ಬೇಕೆಂದೇ ಮಾಡುತ್ತಾರೆ ಎಂದು ತಮ್ಮ ರೇಗುತ್ತಾನೆ.

ಉತ್ತರ: ತಮ್ಮನಿಗೆ ಈ ಉತ್ತರವನ್ನು ಓದಿ ಹೇಳಿ. ನಾವೆಲ್ಲ ಯೋಚಿಸದೆ ನಡೆಯುತ್ತೇವೆ. ಹಾಗೆ ತಾನಾಗಿ ನಡೆಸುವ ಮೆದುಳಿನ ಆಳದ ವ್ಯವಸ್ಥೆಯೇ ಪಾರ್ಕಿನ್ಸನ್‌ನಲ್ಲಿ ಕೆಡುವುದು. ಕಣ್ಣಿಗೆ ಕಾಣುವ ಗುರುತು ಸಿಕ್ಕರೆ ಮೆದುಳು ಬೇರೆ ದಾರಿಯಿಂದ ಹೆಜ್ಜೆ ಎತ್ತಿಸುತ್ತದೆ. ಮೆಟ್ಟಿಲಿನ ಒಂದೊಂದು ಅಂಚೂ ಅಂಥ ಗುರುತೇ. ನಿಮ್ಮ ಅಪ್ಪ ನಾಟಕ ಮಾಡುತ್ತಿಲ್ಲ.

ಬಾಗಿಲ ಈಚೆಯಿಂದ ಆಚೆಯವರೆಗೆ ನೆಲಕ್ಕೆ ಬಣ್ಣದ ಟೇಪಿನ ಅಡ್ಡಪಟ್ಟಿಗಳನ್ನು ಅಂಟಿಸಿ, ಅವರ ಒಂದು ಹೆಜ್ಜೆಯ ಅಂತರಕ್ಕೊಂದರಂತೆ. ಪಟ್ಟಿಯ ಬಣ್ಣ ನೆಲದ ಬಣ್ಣದಿಂದ ಎದ್ದು ಕಾಣಬೇಕು. ನಿಂತುಬಿಟ್ಟಾಗ ಎಳೆಯಬೇಡಿ, 'ಬೇಗ' ಎನ್ನಬೇಡಿ. ನಿಲ್ಲಲಿ, ಉಸಿರೆಳೆದುಕೊಳ್ಳಲಿ, ಮೈಭಾರವನ್ನು ಎಡಕ್ಕೆ ಬಲಕ್ಕೆ ಒಮ್ಮೆ ತೂಗಲಿ, ಆಮೇಲೆ ಪಟ್ಟಿಯನ್ನು ದಾಟಿ ದೊಡ್ಡ ಹೆಜ್ಜೆ ಇಡಲಿ. ನಡೆಯುವಾಗ ಮಾತಿಗೆಳೆಯಬೇಡಿ, ಕೈಗೆ ಲೋಟವನ್ನೂ ಕೊಡಬೇಡಿ. ಹೀಗೆ ಸಿಕ್ಕಿಕೊಳ್ಳುವುದು ಮಾತ್ರೆಯ ಹೊತ್ತಿಗೆ ಸ್ವಲ್ಪ ಮುಂಚೆಯೇ ಹೆಚ್ಚೇ ಎಂದು ಒಂದು ವಾರ ಗಡಿಯಾರ ನೋಡಿ ಬರೆದಿಟ್ಟು, ಆ ಹಾಳೆಯನ್ನು ವೈದ್ಯರಿಗೆ ತೋರಿಸಿ.

ಮುಂದಿನ ಸಂಚಿಕೆಗೆ ತಲೆಸುತ್ತಿನ ಪತ್ರಗಳನ್ನು ಎತ್ತಿಟ್ಟಿದ್ದೇನೆ. ಇನ್ನೂ ಬರೆಯುವವರಿದ್ದರೆ, ಯಾವ ಮಗ್ಗುಲಿಗೆ ಹೊರಳಿದಾಗ ಸುತ್ತುತ್ತದೆ, ಎಷ್ಟು ಸೆಕೆಂಡು ಸುತ್ತುತ್ತದೆ ಎಂಬುದನ್ನು ತಪ್ಪದೆ ತಿಳಿಸಿ.