ಹಿಂದಿನ ಗುಲಾಮಗಿರಿಗೆ ಇಂದು ಪರಿಹಾರಧನ ಕೊಡಬೇಕೇ ಎಂಬ ಚರ್ಚೆಯಲ್ಲಿ ಕೆರಿಬಿಯನ್ ದೇಶವಾದ ಹೈಟಿಯ ಹೆಸರು ಏಕೆ ಮತ್ತೆ ಮತ್ತೆ ಬರುತ್ತದೆ?

ಏಕೆಂದರೆ ಅಲ್ಲಿ ಪರಿಹಾರ ತೆತ್ತವರು ಗುಲಾಮರಾಗಿದ್ದವರೇ. ಗುಲಾಮರು ದಂಗೆಯೆದ್ದು, ಫ್ರೆಂಚರನ್ನು ಸೋಲಿಸಿ, 1804ರಲ್ಲಿ ಸ್ವತಂತ್ರಗೊಳಿಸಿದ ಈ ದೇಶದ ಬಂದರಿಗೆ 1825ರಲ್ಲಿ ಫ್ರಾನ್ಸಿನ ಯುದ್ಧನೌಕೆಗಳು ಬಂದು ನಿಂತವು. ತೋಟದ ಮಾಲೀಕರು ಕಳೆದುಕೊಂಡ ಆಸ್ತಿಗೆ (ಆ ಲೆಕ್ಕದಲ್ಲಿ ಮನುಷ್ಯರೂ ಸೇರಿದ್ದರು) 15 ಕೋಟಿ ಫ್ರಾಂಕ್ ಕೊಡಲು ಹೈಟಿ ಒಪ್ಪಬೇಕಾಯಿತು. ಮೊದಲ ಕಂತಿಗೆ ಪ್ಯಾರಿಸ್ಸಿನಲ್ಲೇ ಸಾಲ ಎತ್ತಿದರು: ಪತ್ರದಲ್ಲಿ ಬರೆದುಕೊಟ್ಟದ್ದು 3 ಕೋಟಿ, ಕೈಗೆ ಬಂದದ್ದು 2.4 ಕೋಟಿ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಸಾಲ ತೀರಲು ದಶಕಗಳೇ ಹಿಡಿದವು. ಎಂದೋ ಸತ್ತವರ ಬಾಕಿಯನ್ನು ಇಂದು ಯಾರು, ಯಾರಿಗೆ, ಎಷ್ಟೆಂದು ಕೊಡಬೇಕು ಎಂಬ ಸಾಮಾನ್ಯ ಆಕ್ಷೇಪ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಕೊಟ್ಟ ದೇಶವೂ ಪಡೆದ ದೇಶವೂ ಇಂದಿಗೂ ಇವೆ, ಲೆಕ್ಕಪತ್ರವೂ ಇದೆ. 2003ರಲ್ಲಿ ಹೈಟಿಯ ಅಂದಿನ ಅಧ್ಯಕ್ಷ ಅರಿಸ್ಟೀಡ್ 2,100 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತವನ್ನು ಹಿಂದಿರುಗಿಸುವಂತೆ ಕೇಳಿದಾಗ ಫ್ರಾನ್ಸ್ ಒಪ್ಪಲಿಲ್ಲ.