ಹೊಟ್ಟೆ ಕೊಯ್ಯದೆ ಒಳಗೇ ಹೊಲಿಗೆ ಹಾಕ್ತಾರಂತೆ, ನಿಜವಾ ಡಾಕ್ಟ್ರೇ?

ಪ್ರಶ್ನೆ: ನನಗೆ 38 ವರ್ಷ. ಮದ್ದೂರಿನ ಹತ್ತಿರ ಹಳ್ಳಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎತ್ತರ 5 ಅಡಿ 2 ಇಂಚು, ತೂಕ 94 ಕೆಜಿ. ಎರಡು ವರ್ಷದಿಂದ ಶುಗರ್ ಇದೆ. ಮೊಣಕಾಲು ನೋವಿಗೆ ಮೆಷಿನ್ ತುಳಿಯೋಕೂ ಆಗ್ತಿಲ್ಲ, ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ನುಂಗ್ತೀನಿ. ಅನ್ನ ಬಿಟ್ಟು ನೋಡಿದೆ, 5 ಕೆಜಿ ಇಳಿದು 7 ಕೆಜಿ ಏರಿತು. ಆಪರೇಷನ್ ಅಂದ್ರೆ ನಮ್ಮತ್ತೆ ಅಳೋಕೇ ಶುರು ಮಾಡ್ತಾರೆ. ಮೈಸೂರಲ್ಲಿರೋ ನಾದಿನಿ, ಬಾಯಿಂದ ಪೈಪ್ ಬಿಟ್ಟು ಒಳಗೇ ಹೊಲಿಗೆ ಹಾಕ್ತಾರೆ ಅಂತಾಳೆ. ನಿಜವಾ? ಬಲೂನ್ ಅಂತಾನೂ ಇದೆಯಂತಲ್ಲ? ಆಮೇಲೆ ಮುದ್ದೆ ಉಣ್ಣಬಹುದಾ? ಎಷ್ಟು ದಿನಕ್ಕೆ ಮೆಷಿನ್ ಮುಂದೆ ಕೂರಬಹುದು?

ಉತ್ತರ: ನಿಮ್ಮ ನಾದಿನಿ ಹೇಳಿದ್ದು ನಿಜ. ಅದರ ಹೆಸರು ಎಂಡೋಸ್ಕೋಪಿಕ್ ಸ್ಲೀವ್ ಗ್ಯಾಸ್ಟ್ರೋಪ್ಲಾಸ್ಟಿ, ಚಿಕ್ಕದಾಗಿ ಇಎಸ್‌ಜಿ. ನಿಮಗೆ ಇದನ್ನು ವಿವರಿಸೋದು ಸುಲಭ. ಬ್ಲೌಸ್ ದೊಗಲೆಯಾದರೆ ಏನು ಮಾಡುತ್ತೀರಿ? ಬಟ್ಟೆ ಕತ್ತರಿಸದೆ ಒಳಗಿಂದ ಹಿಡಿದು ಹೊಲಿಗೆ ಹಾಕುತ್ತೀರಿ, ಅಲ್ವಾ? ಇದೂ ಹಾಗೇ. ಬಾಯಿಂದ ಬಿಡುವ ಆ ಪೈಪ್, ಅಂದರೆ ಎಂಡೋಸ್ಕೋಪ್ ತುದಿಯಲ್ಲಿ ಹೊಲಿಯುವ ಸಾಧನ ಇರುತ್ತದೆ. ಹೊಟ್ಟೆಯ ಗೋಡೆಯನ್ನು ಒಳಗಿಂದಲೇ ಸಾಲಾಗಿ ಮಡಿಸಿ ಹೊಲಿದು, ಚೀಲದಂತಿದ್ದ ಹೊಟ್ಟೆಯನ್ನು ಕೊಳವೆಯಷ್ಟು ಸಣ್ಣ ಮಾಡುತ್ತಾರೆ. ಸ್ಲೀವ್ ಆಪರೇಷನ್‌ನಲ್ಲಾದರೆ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದೇಬಿಡುತ್ತಾರೆ. ಇಲ್ಲಿ ಕತ್ತರಿ ಇಲ್ಲ, ಹೊರಗೆ ಗಾಯವೂ ಇಲ್ಲ.

ಹಾಗಂತ ಇದು ಹಲ್ಲು ಕೀಳಿಸಿಕೊಂಡಷ್ಟು ಸುಲಭ ಅಂತ ಅತ್ತೆಗೆ ಹೇಳಬೇಡಿ. ಪೂರ್ತಿ ಅರಿವಳಿಕೆ ಕೊಡಬೇಕು. ಒಂದು, ಒಂದೂವರೆ ಗಂಟೆ ಹಿಡಿಯುತ್ತದೆ. ಮೊದಲ ಕೆಲವು ದಿನ ಹೊಟ್ಟೆ ಹಿಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ರಕ್ತಸ್ರಾವ, ಸೋರಿಕೆಯಂಥ ತೊಂದರೆ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಮೆರಿಟ್ ಅಧ್ಯಯನದಲ್ಲಿ ನೂರಕ್ಕೆ ಇಬ್ಬರಿಗೆ ಗಂಭೀರ ತೊಂದರೆ ಆಗಿತ್ತು. ಅದೇ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಸರಾಸರಿ ಶೇ. 13.6 ತೂಕ ಇಳಿಯಿತು. ನಿಮ್ಮ ಲೆಕ್ಕಕ್ಕೆ ಸುಮಾರು 13 ಕೆಜಿ. 94 ಇದ್ದದ್ದು 60 ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಪರೇಷನ್‌ನಲ್ಲಿ ಇದಕ್ಕಿಂತ ಜಾಸ್ತಿ ಇಳಿಯುತ್ತದೆ. ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ) ಸುಮಾರು 38, ಜೊತೆಗೆ ಶುಗರ್. ಹಾಗಾಗಿ ಅತ್ತೆ ಅತ್ತರೂ ಪರವಾಗಿಲ್ಲ, ಆ ದಾರಿಯ ಬಗ್ಗೆಯೂ ಒಮ್ಮೆ ಕೇಳಿ ತಿಳಿದುಕೊಳ್ಳಿ.

ಬಲೂನ್ ಬೇರೆ. ಹೊಟ್ಟೆಯೊಳಗೆ ಉಪ್ಪುನೀರು ತುಂಬಿದ ಬಲೂನ್ ಬಿಟ್ಟು, ಸಾಮಾನ್ಯವಾಗಿ 6 ತಿಂಗಳಿಗೆ ತೆಗೆಯುತ್ತಾರೆ. ಆ ನೀರಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಸೋರಿದರೆ ಮೂತ್ರ ಹಸಿರು-ನೀಲಿ ಆಗಿ ಗೊತ್ತಾಗಲಿ ಅಂತ. ತೆಗೆದ ಮೇಲೆ ತೂಕ ಮತ್ತೆ ಏರೋದು ಜಾಸ್ತಿ. ನಿಮಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನು ಮುದ್ದೆ. ನಾನೂ ಮಂಡ್ಯ ಕಡೆಯವನೇ. ಮುದ್ದೆ ಅಗಿದರೆ ನಮ್ಮಜ್ಜಿ ನಗುತ್ತಿದ್ದರು, 'ಪಟ್ಟಣದ ಹುಡುಗ' ಅಂತ. ಸಾರಿನಲ್ಲಿ ಅದ್ದಿ ನುಂಗಬೇಕು, ಅಷ್ಟೇ. ಇಎಸ್‌ಜಿ ಆದವರಿಗೆ ತೊಂದರೆ ಕೊಡೋದು ಈ ನುಂಗೋ ಅಭ್ಯಾಸವೇ. ಮೊದಲ ಎರಡು ವಾರ ನೀರಾದದ್ದು ಮಾತ್ರ: ಮಜ್ಜಿಗೆ, ಬೇಳೆಕಟ್ಟು, ತೆಳ್ಳಗಿನ ರಾಗಿ ಅಂಬಲಿ, ಅದೂ ಗುಟುಕು ಗುಟುಕಾಗಿ. ಆಮೇಲೆ ಮೆತ್ತಗಿನದು. ಮುದ್ದೆ ಬರೋದು ಕೊನೆಗೆ, ನೆಲ್ಲಿಕಾಯಿ ಗಾತ್ರ, ಅಗಿದು. ನನ್ನ ಹತ್ತಿರ ಬಂದಿದ್ದ ಒಬ್ಬರು ಹತ್ತನೇ ದಿನಕ್ಕೇ ಬೀಗರೂಟಕ್ಕೆ ಹೋಗಿ, 'ಒಂದೇ ಒಂದು ಮುದ್ದೆ ಡಾಕ್ಟ್ರೇ' ಅಂತ ರಾತ್ರಿ ವಾಂತಿ ಮಾಡುತ್ತಾ ಬಂದರು. ಪುಣ್ಯಕ್ಕೆ ಹೊಲಿಗೆ ಬಿಟ್ಟಿರಲಿಲ್ಲ. ಕಬ್ಬಿನ ಹಾಲಿನ ಕಥೆ ಇದಕ್ಕೆ ಉಲ್ಟಾ. ಅದು ಎಷ್ಟು ಸಣ್ಣ ಹೊಟ್ಟೆಯಲ್ಲೂ ಸರಾಗವಾಗಿ ಇಳಿದುಬಿಡುತ್ತದೆ, ತೂಕವೂ ಹಾಗೇ ಏರುತ್ತದೆ.

ಮೆಡಿಕಲ್ ಶಾಪಿನ ಆ ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ, ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು. ಹುಣ್ಣಿದ್ದರೆ ಮೊದಲು ಅದು ವಾಸಿಯಾಗಬೇಕು, ಆಮೇಲೆ ಹೊಲಿಗೆ. ಊಟ ಕಡಿಮೆಯಾದಾಗ ಶುಗರ್ ಮಾತ್ರೆಯ ಹಳೇ ಡೋಸ್‌ಗೇ ಶುಗರ್ ತೀರಾ ಇಳಿಯಬಹುದು, ಆ ಮಾತ್ರೆಯನ್ನು ಡಾಕ್ಟರ ಹತ್ತಿರ ಬದಲಿಸಿಕೊಳ್ಳಬೇಕು. ಇನ್ಶೂರೆನ್ಸ್ ಇದ್ದರೆ ಇಎಸ್‌ಜಿಗೆ ದುಡ್ಡು ಕೊಡುತ್ತಾರಾ ಅಂತ ಮೊದಲೇ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಮೆಷಿನ್ ಮುಂದೆ ಒಂದು ವಾರ ಬಿಟ್ಟು ಕೂರಬಹುದು. ನನ್ನ ಕೇಳಿದರೆ ಆಷಾಢದಲ್ಲಿ ಮಾಡಿಸಿಕೊಳ್ಳಿ. ಮದುವೆ ಇರೋದಿಲ್ಲ, ಹೊಲಿಗೆ ಕೆಲಸವೂ ಕಡಿಮೆ, ಬೀಗರೂಟಕ್ಕೆ ಕರೆಯೋರೂ ಇರೋದಿಲ್ಲ.